ನಾಲ್ವರು ಗೆಳತಿಯರು, ಹತ್ತು ದಿನದ ಜಪಾನ್, ಒಂದು ಬಟ್ಟಲು ಉದೊನ್

ಹಲಸಿನಹಪ್ಪಳ:

2024ರ ನವೆಂಬರಿನಲ್ಲಿ ಗೆಳತಿಯರ ಜೊತೆ ಜಪಾನಿಗೆ ಹೋಗಿದ್ದೆ ಅಂತ ಇನ್ನೊಂದು ಚರ್ಚೆಯಲ್ಲಿ ಬಾಯಿತಪ್ಪಿ ಹೇಳಿದ್ದೇ ತಪ್ಪಾಯಿತು. ಅವತ್ತಿನಿಂದ ಎಲ್ಲರದ್ದೂ ಒಂದೇ ಪ್ರಶ್ನೆ: "ನೀವು ಸಸ್ಯಾಹಾರಿ ಅಲ್ವಾ, ಅಲ್ಲಿ ಏನು ತಿಂದಿರಿ?" ಒಬ್ಬೊಬ್ಬರಿಗೆ ಉತ್ತರ ಬರೆಯುವ ಬದಲು ಇಲ್ಲೇ ಒಂದು ಸಲ ಬರೆದುಬಿಡುತ್ತೇನೆ. ಉದ್ದ ಆಗುತ್ತೆ. ಕಾಫಿ ಮಾಡಿಕೊಂಡು ಬನ್ನಿ.

ನಾವು ನಾಲ್ವರು ಮಂಗಳೂರಿನ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿ ಇದ್ದವರು. ಈಗ ಎಲ್ಲರಿಗೂ ನಲವತ್ತು ದಾಟಿದೆ. ನಾನು ಶಿರಸಿ ಕಡೆಯವಳು, ಮೊಟ್ಟೆ ಹಾಕಿದ ಕೇಕ್ ಸಿಕ್ಕರೆ ಕಣ್ಣು ಮುಚ್ಚಿ ತಿನ್ನುವ ಜಾತಿಯ ಸಸ್ಯಾಹಾರಿ. ಮಂಡ್ಯದವಳು ಎಲ್ಲಾ ತಿನ್ನುತ್ತಾಳೆ. ಕುಂದಾಪುರದವಳಿಗೆ ಮೀನಿಲ್ಲದಿದ್ದರೆ ಅದು ಊಟವೇ ಅಲ್ಲ. ಧಾರವಾಡದವಳ ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಕೂಡ ಹೊಸ್ತಿಲು ದಾಟುವುದಿಲ್ಲ. ಇಂಥ ನಾಲ್ವರು ಹತ್ತು ದಿನ ಒಟ್ಟಿಗೆ ಉಣ್ಣಬೇಕು, ಅದೂ ಜಪಾನಿನಲ್ಲಿ. "ನಾಲ್ವರೂ ಮಾತಾಡಿಕೊಂಡು ವಾಪಸ್ ಬಂದರೆ ಅದೇ ದೊಡ್ಡದು" ಅಂತ ನನ್ನ ಯಜಮಾನರು ಹೊರಡುವ ದಿನವೇ ನಕ್ಕಿದ್ದರು.

ಮೊದಲ ದಿನವೇ ಎಡವಿದೆವು. ಒಸಾಕಾದಲ್ಲಿ ಜಿಟಿಜಿಟಿ ಮಳೆ, ಕೊರೆಯುವ ಗಾಳಿ. ಧಾರವಾಡದವಳು ವಿಮಾನದಲ್ಲಿ ಏನೂ ತಿಂದಿರಲಿಲ್ಲ. ಬರೀ ಚಕ್ಕುಲಿ ಮೇಲೆ ಬಂದಿದ್ದಳು. ರೈಲು ನಿಲ್ದಾಣದೊಳಗೆ ನಿಂತುಕೊಂಡೇ ತಿನ್ನುವ ಉದೊನ್ ಅಂಗಡಿ ಕಂಡಿತು. ಉದೊನ್ ಅಂದರೆ ದಪ್ಪ ಗೋದಿ ಶಾವಿಗೆ, ಬಿಸಿ ಸಾರಿನಲ್ಲಿ ಹಾಕಿ ಕೊಡುತ್ತಾರೆ. ಬಾಗಿಲಲ್ಲೇ ಒಂದು ಯಂತ್ರ. ದುಡ್ಡು ಹಾಕಿ ಗುಂಡಿ ಒತ್ತಿದರೆ ಚೀಟಿ ಬರುತ್ತೆ. ಮಾಂಸ ಇಲ್ಲ, ಸೀಗಡಿ ಇಲ್ಲ, ಮೊಟ್ಟೆ ಇಲ್ಲ, ಬರೀ ಶಾವಿಗೆಯ ಚಿತ್ರ ಹುಡುಕಿ ಒತ್ತಿದೆವು. ಮೇಲೆ ಉದುರಿಸುವ ಈರುಳ್ಳಿ ಸೊಪ್ಪು ಬೇಡ ಅಂತ ಅಂಗಡಿಯ ಅಜ್ಜನಿಗೆ ಕೈಸನ್ನೆ ಮಾಡಿ, ಫೋನ್ ತೋರಿಸಿ, ಅಂತೂ ಅರ್ಥ ಮಾಡಿಸಿದೆವು. ಅವನು ನಕ್ಕು, ಸೊಪ್ಪು ಬಿಟ್ಟೇ ಕೊಟ್ಟ. ಗೆದ್ದೆವು ಅನ್ನಿಸಿತು. ಅವಳು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಸಾರನ್ನು ಕೊನೇ ಹನಿಯವರೆಗೂ ಕುಡಿದಳು. ಅಷ್ಟು ಸಮಾಧಾನದ ಮುಖ ನಾನು ನೋಡಿಲ್ಲ.

ಮರುದಿನ ಇದೇ ಗುಂಪಿನ ಒಸಾಕಾಕನ್ನಡಿಗರು ಸಿಕ್ಕಿದ್ದರು. ಅವರಿಗೆ ಈ ಕಥೆಯನ್ನು ಹೆಮ್ಮೆಯಿಂದ ಹೇಳಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಮೇಡಂ, ಆ ಸಾರೇ ಮೀನಿನದು" ಅಂದರು. ಧಾರವಾಡದವಳು ಆಗ ಪಕ್ಕದ ಅಂಗಡಿಯಲ್ಲಿ ಛತ್ರಿ ನೋಡುತ್ತಿದ್ದಳು.

ಮಿಕ್ಕಿದ್ದು ರಾತ್ರಿ ಬರೀತೀನಿ. ಮಕ್ಕಳಿಗೆ ಊಟ ಹಾಕಬೇಕು.

ಲೆಕ್ಕಪತ್ರ:

ಚೆನ್ನಾಗಿದೆ. ಆದರೆ ಮುಖ್ಯವಾದದ್ದು ಬಿಟ್ಟಿರಿ. ತಲೆಗೆ ಎಷ್ಟಾಯ್ತು? ರೈಲು ಪಾಸ್ ತಗೊಂಡಿರಾ?

ಒಸಾಕಾಕನ್ನಡಿಗ:

ಆ ಸುದ್ದಿ ಹೇಳಿದ ಪಾಪಿ ನಾನೇ. ಇಲ್ಲಿಗೆ ಬಂದು ಹನ್ನೆರಡು ವರ್ಷ ಆಯ್ತು. ಊರಿಂದ ಬರುವವರೆಲ್ಲ ಎಡವುವುದು ಇದೇ ಜಾಗದಲ್ಲಿ, ಅದಕ್ಕೇ ಸ್ವಲ್ಪ ವಿವರ ಹಾಕ್ತೀನಿ.

ಜಪಾನಿನ ಅಡುಗೆಗೆಲ್ಲ ಬುಡ ದಾಶಿ. ನಮ್ಮಲ್ಲಿ ಬೇಳೆಕಟ್ಟು ಇದ್ದ ಹಾಗೆ. ಸೂಪು, ಪಲ್ಯ, ಶಾವಿಗೆ ಸಾರು, ಅದ್ದಿಕೊಳ್ಳುವ ಸಾಸು, ಎಲ್ಲದಕ್ಕೂ ಅದು ಬೇಕು. ಮಾಮೂಲಿ ದಾಶಿ ಎರಡು ವಸ್ತುವಿನಿಂದ ಆಗುತ್ತೆ. ಒಂದು ಕೊಂಬು ಅನ್ನುವ ಕಡಲಪಾಚಿ. ಇನ್ನೊಂದು ಕತ್ಸುಒಬುಶಿ. ಕತ್ಸುಓ ಮೀನನ್ನು ಬೇಯಿಸಿ, ಹೊಗೆ ಕೊಟ್ಟು, ಕಟ್ಟಿಗೆ ಥರ ಗಟ್ಟಿಯಾಗುವ ತನಕ ಒಣಗಿಸಿ, ಬಡಗಿ ಮರ ಕೀಸಿದ ಹಾಗೆ ತೆಳ್ಳಗೆ ಕೀಸುತ್ತಾರೆ. ಬಿಸಿ ನೀರಿಗೆ ಹಾಕಿ ಸೋಸಿದ ಮೇಲೆ ಕಣ್ಣಿಗೆ ಏನೂ ಕಾಣಲ್ಲ. ತಿಳಿ ಸಾರು, ಅಷ್ಟೇ.

ಇದರಲ್ಲಿ ಯಾರ ಮೋಸವೂ ಇಲ್ಲ. "ಮಾಂಸ ಇದೆಯಾ" ಅಂತ ಕೇಳಿದರೆ ಪ್ರಾಮಾಣಿಕವಾಗಿ "ಇಲ್ಲ" ಅಂತಾರೆ. ಸೋಸಿ ತೆಗೆದ ಮೀನನ್ನು ಅವರು ಲೆಕ್ಕಕ್ಕೇ ಹಿಡಿದಿರಲ್ಲ. ಹಾಗಾಗಿ ದಾಶಿ ಅನ್ನುವ ಮಾತನ್ನೇ ಎತ್ತಬೇಕು. "ಕತ್ಸುಓ ದಾಶಿ ಮೊ ದಮೆ ದೆಸು" ಅಂತ ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ. ಮೀನಿನ ದಾಶಿ ಕೂಡ ಆಗಲ್ಲ ಅಂತ ಅರ್ಥ.

ಬರೀ ಕೊಂಬುವಿನಿಂದಲೂ ಒಳ್ಳೇ ದಾಶಿ ಆಗುತ್ತೆ. 1908ರಲ್ಲಿ ಕಿಕುನಾಯೆ ಇಕೆದಾ ಅನ್ನುವ ರಸಾಯನ ವಿಜ್ಞಾನಿ ಈ ಕೊಂಬು ಸಾರಿನ ರುಚಿ ಯಾವುದರದು ಅಂತ ಹುಡುಕಿಯೇ ಗ್ಲುಟಮೇಟ್ ಹಿಡಿದು, ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟಿದ್ದು. ನಮ್ಮ ಬೀದಿ ಗೋಬಿ ಮಂಚೂರಿಯ ಟೇಸ್ಟಿಂಗ್ ಪೌಡರ್ ಇದೆಯಲ್ಲ, ಅದರ ಹುಟ್ಟು ಅಲ್ಲಿ.

ಹಲಸಿನಹಪ್ಪಳ:

@ಲೆಕ್ಕಪತ್ರ ನೀವು ಬಿಡೋರಲ್ಲ. ನೂರು ಯೆನ್‌ಗೆ ಸುಮಾರು 55 ರೂಪಾಯಿ ಇತ್ತು. ಏಳು ದಿನದ ರೈಲು ಪಾಸಿಗೆ 2023ರ ಅಕ್ಟೋಬರಿನಿಂದ 50,000 ಯೆನ್ ಮಾಡಿದ್ದರು, ಮುಂಚೆ 29,650 ಇತ್ತು. ಕ್ಯೋಟೋದಿಂದ ಟೋಕಿಯೋಗೆ ಬುಲೆಟ್ ರೈಲಿನ ಟಿಕೆಟ್ 14,000 ಯೆನ್ ಆಸುಪಾಸು ಇತ್ತು. ನಮ್ಮದು ಒಂದೇ ದೊಡ್ಡ ಪ್ರಯಾಣ, ಹಾಗಾಗಿ ಪಾಸ್ ತಗೊಳ್ಳಲಿಲ್ಲ. ಊರೊಳಗಿನ ರೈಲಿಗೆ ದುಡ್ಡು ತುಂಬಿಸಿಕೊಂಡು ಬಳಸುವ ಇಕೋಕಾ ಕಾರ್ಡ್ ಸಾಕು. ವೀಸಾ ಈಗ ಪಾಸ್‌ಪೋರ್ಟಿಗೆ ಅಂಟಿಸಲ್ಲ, ಇ-ವೀಸಾ. ಇಳಿದಾಗ ಇಂಟರ್ನೆಟ್ ಇರುವ ಫೋನಿನಲ್ಲೇ ತೆರೆದು ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯಲ್ಲ. ಒಟ್ಟು ಖರ್ಚು ಇಲ್ಲಿ ಹೇಳಲ್ಲ, ನಮ್ಮ ಯಜಮಾನರೂ ಇದನ್ನ ಓದ್ತಾರೆ.

ಈಗ ಕೋಯಾಸಾನ್.

ಒಸಾಕಾದ ನಂಬಾದಿಂದ ರೈಲು ಹತ್ತಿದರೆ ಮೊದಲು ಊರು, ಆಮೇಲೆ ಗದ್ದೆ, ಆಮೇಲೆ ಕಾಡು. ಕೊನೇ ನಿಲ್ದಾಣ ಗೊಕುರಾಕುಬಾಶಿ. ಅಲ್ಲಿಂದ ಹಗ್ಗ ಎಳೆಯುವ ಕೇಬಲ್ ಗಾಡಿಯಲ್ಲಿ ಬೆಟ್ಟದ ಮೇಲಕ್ಕೆ, ಐದೇ ನಿಮಿಷ. ಮೇಲೆ 800 ಮೀಟರ್ ಎತ್ತರದಲ್ಲಿ ಒಂದು ಮಠಗಳ ಊರು. ಕೂಕಾಯ್ ಅನ್ನುವ ಸನ್ಯಾಸಿ ಚೀನಾಕ್ಕೆ ಹೋಗಿ ತಂತ್ರಮಾರ್ಗದ ಬೌದ್ಧ ವಿದ್ಯೆ ಕಲಿತು ಬಂದವರು. ಅವರಿಗೆ ಸಾಗಾ ಚಕ್ರವರ್ತಿ 816ರಲ್ಲಿ ಈ ಬೆಟ್ಟ ಬಿಟ್ಟುಕೊಟ್ಟರು. ಈಗ ಅಲ್ಲಿ ನೂರಕ್ಕೂ ಹೆಚ್ಚು ದೇವಾಲಯ, ಅದರಲ್ಲಿ ಐವತ್ತರಷ್ಟು ಕಡೆ ಪ್ರವಾಸಿಗಳೂ ಉಳಿದುಕೊಳ್ಳಬಹುದು.

ಆ ರೈಲಿನಲ್ಲಿ ನಾನು ಅವಳಿಗೆ ಹೇಳಿಬಿಟ್ಟೆ. ಎರಡು ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿತ್ತು. "ಅವತ್ತು ಕುಡಿದೆಯಲ್ಲ ಕಣೆ, ಆ ಉದೊನ್ ಸಾರು, ಅದರಲ್ಲಿ ಮೀನು ಇತ್ತಂತೆ." ಅವಳು "ಹೌದಾ" ಅಂದಳು. ಅಷ್ಟೇ. ಆಮೇಲೆ ಕಿಟಕಿಯಾಚೆ ನೋಡ್ತಾ ಕೂತಳು. ಕಾಡೆಲ್ಲ ಕೆಂಪು ಹಳದಿ ಆಗಿತ್ತು. ಮಂಡ್ಯದವಳು ನನ್ನ ತೊಡೆ ಚಿವುಟಿ "ಯಾಕೆ ಹೇಳೋಕೆ ಹೋದೆ" ಅಂತ ಕಣ್ಣಲ್ಲೇ ಬೈದಳು. ಕೇಬಲ್ ಗಾಡಿ ಹತ್ತುವವರೆಗೆ ನಾಲ್ವರೂ ಮೌನ.

ಸಂಜೆ ಐದೂವರೆಗೇ ಊಟ. ನೆಲದ ಮೇಲೆ ತತಾಮಿ ಚಾಪೆ, ಒಬ್ಬೊಬ್ಬರ ಮುಂದೆ ಕೆಂಪು ಅರಗಿನ ಪುಟ್ಟ ಮಣೆ. ಒಬ್ಬ ಚಿಕ್ಕ ವಯಸ್ಸಿನ ಸನ್ಯಾಸಿ ಮೊಣಕಾಲೂರಿ ಬಡಿಸಿದ. ಇದಕ್ಕೆ ಶೋಜಿನ್ ರ್ಯೋರಿ ಅಂತಾರೆ. ಮೀನಿಲ್ಲ, ಮಾಂಸವಿಲ್ಲ. ದಾಶಿ ಕೂಡ ಕೊಂಬು ಮತ್ತು ಒಣ ಅಣಬೆಯದು. ಅವನು ಹರುಕು ಇಂಗ್ಲಿಷಿನಲ್ಲಿ "ಈರುಳ್ಳಿ, ಬೆಳ್ಳುಳ್ಳಿ ಕೂಡ ಇಲ್ಲ, ಮನಸ್ಸು ಕೆರಳುತ್ತೆ" ಅಂದಾಗ ಧಾರವಾಡದವಳು ಬೆರಗಾಗಿ ನಮ್ಮ ಮುಖ ನೋಡಿದಳು. "ನಮ್ಮವ್ವನೂ ಇದನ್ನ ಹೇಳ್ತಾಳಲ್ಲ!" ಅವತ್ತು ಬೆಳಗಿನಿಂದ ಅವಳಾಡಿದ ಮೊದಲ ಉದ್ದದ ಮಾತು ಅದು.

ಒಂದು ಬಟ್ಟಲಲ್ಲಿ ಗೋಮಾದೋಫು. ಹೆಸರಿಗೆ ತೋಫು, ಅದರಲ್ಲಿ ಸೋಯಾ ಇಲ್ಲ. ಎಳ್ಳು ಅರೆದು, ಕುಜು ಅನ್ನುವ ಬಳ್ಳಿಯ ಗೆಡ್ಡೆಯ ಹಿಟ್ಟಿನ ಜೊತೆ ಕಾಯಿಸಿ ಮಗುಚಿ ಆರಿಸಿದ್ದು. ಬೆಲ್ಲ ಹಾಕದ ಹಾಲುಬಾಯಿ ಅಂದುಕೊಳ್ಳಿ, ಮೇಲೆ ಒಂದು ಚಿಟಿಕೆ ವಸಾಬಿ. ಇನ್ನೊಂದರಲ್ಲಿ ಕೋಯಾದೋಫು. ಚಳಿಗೆ ಹೆಪ್ಪುಗಟ್ಟಿಸಿ ಒಣಗಿಸಿದ ತೋಫು ಅದು, ಸಾರು ಹೀರಿಕೊಂಡು ಸ್ಪಂಜಿನಂತೆ ಇರುತ್ತೆ. ಕಚ್ಚಿದರೆ ಬಾಯಿ ತುಂಬ ರಸ. ಕೆಸುವಿನ ಗೆಡ್ಡೆ, ಕುಂಬಳಕಾಯಿ, ಎಲೆಗಳ ತೆಂಪುರಾ. ಉಪ್ಪಲ್ಲಿ ಹಾಕಿದ ಉಮೆ ಅನ್ನುವ ಹುಳಿ ಕಾಯಿ. ಅದರ ಹುಳಿಗೆ ನನಗೆ ನಮ್ಮ ಮನೆ ಅಪ್ಪೆಮಿಡಿ ನೆನಪಾಗಿ ಸುಮ್ನೆ ಕೂತುಬಿಟ್ಟೆ. ಧಾರವಾಡದವಳು ಅನ್ನ ಮೂರು ಸಲ ಹಾಕಿಸಿಕೊಂಡಳು. ಕೈಚೀಲದಲ್ಲಿದ್ದ ಶೇಂಗಾ ಚಟ್ನಿಪುಡಿ ಡಬ್ಬಿಯನ್ನು ಅವಳು ತೆಗೆಯದೇ ಇದ್ದ ಒಂದೇ ಊಟ ಅದು.

ಮಂಡ್ಯದವಳು ಮಾತ್ರ "ಇಷ್ಟು ದುಡ್ಡು ಕೊಟ್ಟು ಶ್ರಾದ್ಧದ ಊಟ ಉಂಡಂಗಾಯ್ತು" ಅಂದಳು. ತಲೆಗೆ 15,000 ಯೆನ್, ಎರಡು ಊಟ ಸೇರಿ. ಆದರೆ ಅಲ್ಲೇ ಬಿಯರ್ ಸಿಗುತ್ತೆ ಅಂತ ಗೊತ್ತಾದ ಮೇಲೆ ಸಮಾಧಾನ ಆದಳು. ಸಾಕೆ ಅನ್ನುವ ಅಕ್ಕಿಯ ಮದ್ಯಕ್ಕೆ ಸನ್ಯಾಸಿಗಳು ಇಟ್ಟ ಗುಟ್ಟಿನ ಹೆಸರು ಹನ್ನ್ಯಾತೋ. ಹನ್ನ್ಯಾ ಅಂದರೆ ನಮ್ಮ ಪ್ರಜ್ಞಾ. ಪ್ರಜ್ಞೆಯ ಕಷಾಯ! ತೀರ್ಥ ಅನ್ನೋರು ನಾವೊಬ್ಬರೇ ಅಲ್ಲ.

ಊಟ ಆದ ಮೇಲೆ ಸ್ನಾನ. ಹೆಂಗಸರಿಗೆಲ್ಲ ಸೇರಿ ಒಂದೇ ಬಿಸಿನೀರ ತೊಟ್ಟಿ. ಮೈಮೇಲೆ ನೂಲೆಳೆ ಇರಬಾರದು. ಹೊರಗೆ ಪುಟ್ಟ ಮಣೆ ಮೇಲೆ ಕೂತು, ಮೈ ಪೂರ್ತಿ ತಿಕ್ಕಿ ತೊಳೆದುಕೊಂಡೇ ನೀರಿಗಿಳಿಯಬೇಕು. ಮೂರು ವರ್ಷ ಒಂದೇ ಕೋಣೆಯಲ್ಲಿದ್ದವರು ನಾವು, ಆದರೂ ಹತ್ತು ನಿಮಿಷ ಟವೆಲ್ ಹಿಡಿದು "ನೀ ಹೋಗು, ನೀ ಹೋಗು" ಅಂತ ಬಾಗಿಲಲ್ಲಿ ನಿಂತಿದ್ದೆವು. ಕೊನೆಗೆ ಎಪ್ಪತ್ತು ದಾಟಿದ ಒಬ್ಬ ಜಪಾನಿ ಅಜ್ಜಿ ನಮ್ಮನ್ನು ಸರಿಸಿ ಒಳಗೆ ಹೋದರು, ಚಿಕ್ಕ ಬಟ್ಟೆ ಮಡಚಿ ತಲೆ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತರು. ಅವರ ಹಿಂದೆ ನಾವೂ. ಎಲ್ಲರ ಹೊಟ್ಟೆ ಮೇಲೂ ಸಿಸೇರಿಯನ್ ಗೆರೆ ಇತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಬೆಳಿಗ್ಗೆ ಆರಕ್ಕೆ ಪೂಜೆ. ಆಮೇಲೆ ಬೇರೆ ಕಟ್ಟಡದಲ್ಲಿ ಬೆಂಕಿಯ ವಿಧಿ. ಅದರ ಹೆಸರು ಗೋಮಾ. ಕಟ್ಟಿಗೆ ಚೌಕಾಕಾರ ಪೇರಿಸಿ, ಮರದ ಸೌಟಿನಲ್ಲಿ ಎಣ್ಣೆ ಬಿಡುತ್ತಾ ಮಂತ್ರ. ಧಾರವಾಡದವಳು ನನ್ನ ಕಿವಿಯಲ್ಲಿ "ಇದು ಹೋಮ ಅಲ್ಲೇನs?" ಅಂದಳು. ಹೌದು, ಹೋಮವೇ ಗೋಮಾ ಆಗಿರುವುದು. ತಮಾಷೆ ಅಂದರೆ ಎಳ್ಳಿಗೂ ಅವರು ಗೋಮಾ ಅಂತಲೇ ಅನ್ನುತ್ತಾರೆ. ರಾತ್ರಿ ತಿಂದಿದ್ದು ಎಳ್ಳು, ಬೆಳಿಗ್ಗೆ ನೋಡಿದ್ದು ಹೋಮ, ಎರಡೂ ಗೋಮಾ.

ನಿವೃತ್ತಮೇಷ್ಟ್ರು:

ಓದಿ ಬಹಳ ಖುಷಿಯಾಯಿತು ಮಗಳೇ. ಬೆಳಗಿನ ಪೂಜೆಯಲ್ಲಿ "ಗ್ಯಾತೇಯ್ ಗ್ಯಾತೇಯ್ ಹರಾಗ್ಯಾತೇಯ್ ಹರಸೋಗ್ಯಾತೇಯ್ ಬೋಜಿ ಸೊವಾಕಾ" ಅಂತ ಏನಾದರೂ ಕಿವಿಗೆ ಬಿತ್ತೇ? ಅದು ಪ್ರಜ್ಞಾಪಾರಮಿತಾ ಹೃದಯ ಸೂತ್ರದ "ಗತೇ ಗತೇ ಪಾರಗತೇ ಪಾರಸಂಗತೇ ಬೋಧಿ ಸ್ವಾಹಾ." ಸಂಸ್ಕೃತ ಚೀನೀ ಲಿಪಿಗೆ ಹೋಗಿ, ಆ ಲಿಪಿಯನ್ನು ಜಪಾನಿಗಳು ತಮ್ಮ ನಾಲಿಗೆಯಲ್ಲಿ ಓದಿ ಹೀಗಾಗಿದೆ. ಸ್ವಾಹಾ ಸೊವಾಕಾ ಆದದ್ದು ನನಗೆ ಯಾವಾಗಲೂ ನಗು ತರಿಸುತ್ತದೆ.

ಅಲ್ಲಿನ ಗೋರಿಗಳ ಹಿಂದೆ ಉದ್ದ ಮರದ ಪಟ್ಟಿ ನಿಲ್ಲಿಸಿರುತ್ತಾರೆ. ಅದರ ಮೇಲೆ ಬರೆದ ಕೆಲವು ಅಕ್ಷರ ನಮ್ಮ ಕಡೆಯ ಹಳೆಯ ಲಿಪಿಯಂತೆ ಕಾಣುತ್ತದೆ. ಅದು ಸಿದ್ಧಂ ಲಿಪಿ, ಬ್ರಾಹ್ಮಿಯ ಸಂತಾನ. ಭಾರತದಲ್ಲಿ ಬಳಕೆ ತಪ್ಪಿಹೋಯಿತು, ಅಲ್ಲಿ ಇವತ್ತಿಗೂ ಬೀಜಾಕ್ಷರ ಬರೆಯಲು ಬಳಸುತ್ತಾರೆ.

ನಾರಾಕ್ಕೂ ಹೋಗಿದ್ದಿರಾ? ತೋದಾಯ್‌ಜಿ ದೇವಾಲಯದ ದೊಡ್ಡ ಬುದ್ಧನಿಗೆ 752ರಲ್ಲಿ ಕಣ್ಣು ಬರೆದವರು ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು. ಅವರ ಕುಂಚಕ್ಕೆ ಉದ್ದನೆಯ ದಾರ ಕಟ್ಟಿ, ಸೇರಿದ್ದವರೆಲ್ಲ ಆ ದಾರ ಹಿಡಿದಿದ್ದರಂತೆ.

ಕಟ್ಟಾಸಸ್ಯಾಹಾರಿ:

ಎಲ್ಲಾ ಸರಿ. ಆದರೆ ಗೆಳತಿಗೆ ಅದನ್ನ ಹೇಳಿದ್ದು ಮಾತ್ರ ಸರಿ ಇಲ್ಲ. ಅವರಿಗೆ ಗೊತ್ತಿರಲಿಲ್ಲ, ದೋಷವೂ ಇರಲಿಲ್ಲ. ನಿಮ್ಮ ಮನಸ್ಸು ಹಗುರ ಮಾಡಿಕೊಳ್ಳೋಕೆ ಅವರ ಮನಸ್ಸು ಭಾರ ಮಾಡಿದಿರಿ. ಅದೂ ಅಲ್ಲದೆ ಇಷ್ಟು ಕಷ್ಟಪಟ್ಟು ಅಲ್ಲಿ ಯಾಕೆ ತಿನ್ನಬೇಕು? ನಾವು ಎಲ್ಲಿಗೆ ಹೋದರೂ ಪುಟ್ಟ ಕುಕ್ಕರ್, ಅಕ್ಕಿ, ಪುಳಿಯೋಗರೆ ಗೊಜ್ಜು ತಗೊಂಡೇ ಹೋಗೋದು.

ಲೆಕ್ಕಪತ್ರ:

ಹೋಟೆಲ್ ಕೋಣೆಯಲ್ಲಿ ಕುಕ್ಕರ್ ಕೂಗಿಸೋಕೆ ಜಪಾನ್ ಯಾಕೆ ಸ್ವಾಮಿ? ಜಯನಗರದಲ್ಲೇ ಲಾಡ್ಜ್ ಸಿಗುತ್ತಲ್ಲ.

ನಿವೃತ್ತಮೇಷ್ಟ್ರು:

ಹೇಳಿದ್ದು ಸರಿ ಅಂತ ನನಗನ್ನಿಸುತ್ತದೆ. ಹೇಳದಿದ್ದರೆ ಮಿಕ್ಕ ಎಂಟು ದಿನವೂ ಅವರು ಅದೇ ಸಾರು ಕುಡಿಯುತ್ತಿದ್ದರು, ಇವರು ನೋಡುತ್ತಾ ಕೂರಬೇಕಿತ್ತು. ವ್ರತ ಅವರದು, ಲೆಕ್ಕವೂ ಅವರ ಕೈಲೇ ಇರಲಿ.

ತುಮಕೂರುತಂಗಿ:

ನಾನು ಜಗಳದಲ್ಲಿ ಇಲ್ಲ. ಅಮ್ಮನಿಗೆ 63, ಮೊಣಕಾಲು ನೋವು. ಏಪ್ರಿಲ್‌ನಲ್ಲಿ ಕರಕೊಂಡು ಹೋಗೋಣ ಅಂತಿದ್ದೀನಿ. ಕೋಯಾಸಾನ್ ಅವರ ಕೈಲಿ ಆಗುತ್ತಾ ಅಕ್ಕಾ? ನೆಲದ ಮೇಲೆ ಕೂರೋಕೆ ಅವರಿಗೆ ಸುತಾರಾಂ ಆಗಲ್ಲ.

ಗಸಿಪ್ರಿಯೆ:

ಎಂತ ಮಾರಾಯ್ತಿ, ನನ್ನನ್ನ ಒಂದು ಮಾತೂ ಕೇಳದೆ ಇಡೀ ಪುರಾಣ ಬರೆದಿದ್ದೀಯ! ಆ ಕುಂದಾಪುರದವಳು ನಾನೇ. ಇವಳು ಬರೆದಿದ್ದು ಓದಿದರೆ ನಾವು ತೀರ್ಥಯಾತ್ರೆಗೆ ಹೋಗಿದ್ದೆವು ಅನ್ನಬೇಕು. ತಿಂದ ಮೀನಿನ ವಿಷಯವೇ ಇಲ್ಲ.

ಒಸಾಕಾದ ಸಂಜೆ ಬಗ್ಗೆ ನಾನು ಹೇಳ್ತೀನಿ. ದೋತೊನ್‌ಬೋರಿಯ ಬೀದಿಯಲ್ಲಿ ತಕೊಯಾಕಿ ಮಾಡ್ತಾ ಇದ್ದರು. ಹತ್ತಿರ ಹೋಗಿ ನೋಡಿದರೆ ಸಾಕ್ಷಾತ್ ಪಡ್ಡಿನ ಹಂಚು! ಗುಳಿಗೆ ಹಿಟ್ಟು ಹೊಯ್ದು, ಒಂದೊಂದು ತುಂಡು ಆಕ್ಟೋಪಸ್ ಹಾಕಿ, ಕಡ್ಡಿಯಲ್ಲಿ ಸರಸರ ತಿರುವುತ್ತಾರೆ. ನಮ್ಮ ಅತ್ತೆ ಪಡ್ಡು ತಿರುವುವುದಕ್ಕಿಂತ ಜೋರು. ಹೊರಗೆ ಗರಿ, ಒಳಗೆ ಬಿಸಿ ಗಂಜಿ. ಮೊದಲನೆಯದನ್ನ ಹಾಗೇ ಬಾಯಿಗೆ ಹಾಕಿ ನಾಲಿಗೆ ಸುಟ್ಟುಕೊಂಡೆ. ಮೇಲೆ ಉದುರಿಸಿದ ಕತ್ಸುಒಬುಶಿ ಬಿಸಿಗೆ ಜೀವ ಇದ್ದ ಹಾಗೆ ಕುಣಿಯುತ್ತೆ. ಧಾರವಾಡದವಳು ಅದನ್ನ ನೋಡಿ ಎರಡು ಹೆಜ್ಜೆ ಹಿಂದೆ ಹೋದಳು.

ಕುಶಿಕಾತ್ಸು ಅಂಗಡಿ ಅವಳಿಗೆ ಇಷ್ಟ ಆಯ್ತು, ತಿನ್ನದಿದ್ದರೂ! ಕಡ್ಡಿಗೆ ಚುಚ್ಚಿ ಕರಿದಿದ್ದನ್ನು ಎಲ್ಲರಿಗೂ ಸೇರಿ ಇಟ್ಟ ಸಾಸಿನಲ್ಲಿ ಒಂದೇ ಸಲ ಅದ್ದಬೇಕು. ಕಚ್ಚಿದ ಮೇಲೆ ಮತ್ತೆ ಅದ್ದಬಾರದು ಅಂತ ಗೋಡೆ ಮೇಲೆ ದೊಡ್ಡ ಬೋರ್ಡು. "ಎಂಜಲು ಅಂದ್ರ ಎಂಜಲು, ಜಪಾನಿನ್ಯಾಗೂ" ಅಂತ ಅವಳಿಗೆ ಸಂಭ್ರಮವೋ ಸಂಭ್ರಮ.

ಅನ್ನದ ಮೇಲೆ ಹಸಿ ಮೀನು ಇಟ್ಟ ಸುಶಿ ತಟ್ಟೆಗಳು ನಮ್ಮ ಮುಂದೆ ತಿರುಗಿ ಬರುತ್ತವಲ್ಲ, ಆ ತಿರುಗುವ ಸುಶಿ ಹುಟ್ಟಿದ್ದೂ ಒಸಾಕಾ ಕಡೆಯೇ ಅಂತೆ, 1958ರಲ್ಲಿ. ಬಿಯರ್ ಕಾರ್ಖಾನೆಯಲ್ಲಿ ಬಾಟಲಿ ಸಾಗಿಸುವ ಪಟ್ಟಿ ನೋಡಿ ಹೊಳೆದಿದ್ದಂತೆ. ನಾನೂ ಮಂಡ್ಯದವಳೂ ಇಪ್ಪತ್ತಾರು ತಟ್ಟೆ ಪೇರಿಸಿದೆವು. ಹಸಿ ಮೀನು ಹೇಗೆ ತಿಂದಿರಿ ಅಂತ ಕೇಳಬೇಡಿ. ಕಡಲ ಮೀನು ತಾಜಾ ಇದ್ದರೆ ನಾರೋದಿಲ್ಲ, ಬೆಣ್ಣೆಯ ಹಾಗೆ ಇರುತ್ತೆ. ಬಂಗುಡೆ ಕೂಡ ಸಿಕ್ಕಿತು, ವಿನೆಗರ್ ಹಾಕಿದ್ದು. ನಮ್ಮ ಬಂಗುಡೆಗೆ ಗಸಿಯೇ ಸೈ.

ಒಸಾಕಾಕನ್ನಡಿಗ:

ಅವತ್ತು ಪಕ್ಕದಲ್ಲಿ ನಾನೂ ಇದ್ದೆ. ಇಪ್ಪತ್ತಾರಲ್ಲ, ಮೂವತ್ತೊಂದು. ಬಿಲ್ ನಾನು ನೋಡಿದ್ದೆ.

ಒಂದು ವಿಷಯ ಎಲ್ಲರಿಗೂ. ಊಟ ಮಾಡುವ ಜೋಡಿ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ನಿಲ್ಲಿಸಬೇಡಿ. ಸತ್ತವರಿಗೆ ಎಡೆ ಇಡುವಾಗ ಮಾತ್ರ ಹಾಗೆ ಮಾಡೋದು. ಕಡ್ಡಿಯಿಂದ ಕಡ್ಡಿಗೆ ತಿಂಡಿ ದಾಟಿಸಲೂ ಬಾರದು, ದಹನ ಆದ ಮೇಲೆ ಮೂಳೆ ಆರಿಸುವ ರೀತಿ ಅದು. ನಮ್ಮ ಕಡೆಯವರಿಗೆ ಒಂದು ಸಲ ಹೇಳಿದರೆ ಸಾಕು, ಬಿಡಿಸಿ ಹೇಳಬೇಕಾಗಿಲ್ಲ.

ಹಲಸಿನಹಪ್ಪಳ:

@ತುಮಕೂರುತಂಗಿ ಕೋಯಾಸಾನ್ ಆಗುತ್ತಮ್ಮ, ಹೆದರಬೇಡ. ಕೇಬಲ್ ನಿಲ್ದಾಣದಿಂದ ಊರೊಳಗೆ ಬಸ್ಸಿದೆ, ನಡೆಯೋದಕ್ಕೆ ಬಿಡೋದೂ ಇಲ್ಲ. ಊಟಕ್ಕೆ ಕುರ್ಚಿ ಬೇಕು, ಮಂಚ ಬೇಕು ಅಂತ ಬುಕ್ ಮಾಡುವಾಗಲೇ ಬರೆದು ಕೇಳು, ಕೆಲವು ಕಡೆ ಕೊಡ್ತಾರೆ. ದೊಡ್ಡ ಪೆಟ್ಟಿಗೆ ಹೊತ್ತುಕೊಂಡು ಹೋಗಬೇಡ. ಹೋಟೆಲಿಂದ ಹೋಟೆಲಿಗೆ ಪೆಟ್ಟಿಗೆ ಕಳಿಸುವ ತಕ್ಯೂಬಿನ್ ಇದೆ. ನಾವು ಒಸಾಕಾದಿಂದ ಕ್ಯೋಟೋಗೆ ಕಳಿಸಿ ಒಂದೊಂದು ಕೈಚೀಲದಲ್ಲಿ ಬೆಟ್ಟ ಹತ್ತಿದೆವು.

ಅಮ್ಮನಿಗೆ ಅಲ್ಲಿನ ಓಕುನೊಇನ್ ಅನ್ನುವ ಸ್ಮಶಾನ ತಪ್ಪಿಸಬೇಡ. ಎರಡು ಕಿಲೋಮೀಟರ್ ದಾರಿ, ಎರಡೂ ಕಡೆ ಆಕಾಶಕ್ಕೆ ಮುಟ್ಟುವ ಸುಗಿ ಮರಗಳು, ಅದರ ನಡುವೆ ಎರಡು ಲಕ್ಷಕ್ಕೂ ಹೆಚ್ಚು ಗೋರಿ, ಸ್ಮಾರಕ. ಜಿಜೋ ಅನ್ನುವ ಬೋಧಿಸತ್ವನ ಪಾಚಿ ಹಿಡಿದ ಪುಟ್ಟ ವಿಗ್ರಹಗಳಿಗೆ ಯಾರೋ ಕೆಂಪು ಬಟ್ಟೆ ಕಟ್ಟಿರುತ್ತಾರೆ. ಅಮ್ಮನ ಕಾಲಿಗೆ ಕಷ್ಟ ಅಂದರೆ ಬಸ್ಸಿನಲ್ಲಿ ಓಕುನೊಇನ್-ಮಾಯೆ ನಿಲ್ದಾಣದ ತನಕ ಹೋಗಿ, ಅಲ್ಲಿಂದ ಅರ್ಧ ದಾರಿ. ಆ ಕಡೆ ಕಂಪನಿಗಳ ಸ್ಮಾರಕಗಳಿವೆ, ಒಂದು ರಾಕೆಟ್ ಆಕಾರದ್ದು, ಒಂದು ಕಾಫಿ ಕಪ್ಪು. ಔಷಧಿ ಹೊಡೆದು ಗೆದ್ದಲು ಕೊಲ್ಲುವವರ ಸಂಘ ಗೆದ್ದಲುಗಳಿಗೇ ಒಂದು ಕಲ್ಲು ನೆಡಿಸಿದೆ. ಮಂಡ್ಯದವಳು ಅದರ ಮುಂದೆ ನಿಜವಾಗಿ ಕೈಮುಗಿದಳು.

ಕೊನೆಯಲ್ಲಿ ಒಂದು ಸೇತುವೆ. ಅದರಾಚೆ ಫೋಟೋ ಇಲ್ಲ, ಟೋಪಿ ತೆಗೆಯಬೇಕು. ಒಳಗೆ ಕೂಕಾಯ್ 835ರಿಂದ ಧ್ಯಾನದಲ್ಲೇ ಕೂತಿದ್ದಾರೆ, ತೀರಿಕೊಂಡಿಲ್ಲ ಅನ್ನುವುದು ಅವರ ನಂಬಿಕೆ. ಹಾಗಾಗಿ ದಿನಾ ಎರಡು ಹೊತ್ತು ಊಟ, ಬೆಳಿಗ್ಗೆ 6ಕ್ಕೆ ಮತ್ತು 10:30ಕ್ಕೆ. ನಾವು ಹತ್ತೂವರೆಯದನ್ನು ನೋಡಿದೆವು. ಬಿಳಿ ಮರದ ಪೆಟ್ಟಿಗೆಯಲ್ಲಿ ಅಡುಗೆ ಇಟ್ಟು ಹೆಗಲ ಮೇಲೆ ಹೊತ್ತು ತರುತ್ತಾರೆ. ದಾರಿಯಲ್ಲಿ ರುಚಿ ನೋಡುವ ಜಿಜೋ ಅಂತ ಒಬ್ಬನಿದ್ದಾನೆ, ಮೊದಲು ಅವನ ಮುಂದೆ ಇಟ್ಟು ಆಮೇಲೆ ಒಳಗೆ. ಧಾರವಾಡದವಳ ಮನೆಯವರು ವರ್ಷಕ್ಕೊಂದು ಸಲ ಮಂತ್ರಾಲಯಕ್ಕೆ ಹೋಗುವವರು. ಬೃಂದಾವನದೊಳಗೆ ರಾಯರು ಇದ್ದಾರೆ ಅನ್ನುವುದು ಅವಳಿಗೆ ವಾದ ಮಾಡುವ ವಿಷಯವಲ್ಲ. ಸೇತುವೆ ಮೇಲೆ ಅವಳು ಚಪ್ಪಲಿ ಬಿಡಲು ಹೋದಳು. ಬೇಡ ಅಂತ ಕಾವಲಿನವನು ಸನ್ನೆ ಮಾಡಿದ.

ಕ್ಯೋಟೋದಲ್ಲಿ ಅಮ್ಮನಿಗೆ ಸಾಂಜೂಸಾಂಗೆಂದೋ ದೇವಾಲಯ ತೋರಿಸು, ಉದ್ದನೆಯ ಸಮ ನೆಲದ ಹಜಾರ, ಮೆಟ್ಟಿಲ ಕಾಟ ಇಲ್ಲ. 1,001 ಕನ್ನೊನ್ (ನಮ್ಮ ಅವಲೋಕಿತೇಶ್ವರ) ವಿಗ್ರಹ ಸಾಲಾಗಿ ನಿಂತಿವೆ. ಮುಂದಿನ ಸಾಲಿನಲ್ಲಿ ಕಾವಲು ದೇವತೆಗಳು. ಬ್ರಹ್ಮ, ಇಂದ್ರ, ನಾರಾಯಣ ಎಲ್ಲ ಇದ್ದಾರೆ, ಜಪಾನಿ ಹೆಸರಿನಲ್ಲಿ. ಗರುಡ ಕೊಳಲು ಊದುತ್ತಾ ನಿಂತಿದ್ದಾನೆ! ಫುಶಿಮಿ ಇನಾರಿ ದೇವಸ್ಥಾನದ ಕೆಂಪು ಕಮಾನುಗಳನ್ನು ಮಾತ್ರ ಕೆಳಗಿನಿಂದಲೇ ನೋಡಿ ಬನ್ನಿ, ಮೇಲೆ ಬೆಟ್ಟ.

ಮೇಷ್ಟ್ರೇ, ನಾರಾಕ್ಕೂ ಹೋಗಿದ್ದೆವು. ಆದರೆ ಬೋಧಿಸೇನರ ವಿಷಯ ಗೊತ್ತಿರಲಿಲ್ಲ. ಜಿಂಕೆಗಳು ಬಿಸ್ಕತ್ತಿಗಾಗಿ ತಲೆ ಬಾಗಿಸುವುದನ್ನೇ ನೋಡ್ತಾ ನಿಂತುಬಿಟ್ಟೆವು. ಕುಂದಾಪುರದವಳ ದುಪಟ್ಟಾದ ತುದಿ ಒಂದು ಜಿಂಕೆಯ ಹೊಟ್ಟೆ ಸೇರಿತು.

ಟೋಕಿಯೋ ಬಗ್ಗೆ ನನಗೆ ಹೇಳೋಕೆ ಹೆಚ್ಚೇನೂ ಇಲ್ಲ. ಜನ, ಬೆಳಕು, ಜನ. ಒಂದೇ ಒಂದು ನೆನಪು. ಶಿಂಜುಕುವಿನ ನಕಾಮುರಾಯ ಅನ್ನುವ ಅಂಗಡಿಗೆ ಮಂಡ್ಯದವಳು ಹಟ ಮಾಡಿ ಕರಕೊಂಡು ಹೋದಳು. ಬ್ರಿಟಿಷರಿಂದ ತಪ್ಪಿಸಿಕೊಂಡು 1915ರಲ್ಲಿ ಜಪಾನಿಗೆ ಬಂದ ರಾಸ್ ಬಿಹಾರಿ ಬೋಸ್‌ರನ್ನು ಬಚ್ಚಿಟ್ಟುಕೊಂಡಿದ್ದು ಆ ಅಂಗಡಿಯವರು. ಅವರ ಮಗಳನ್ನೇ ಬೋಸ್ ಮದುವೆಯಾದರು. 1927ರಲ್ಲಿ ಅಲ್ಲಿ ಭಾರತದ ಕೋಳಿ ಸಾರು ಶುರು ಮಾಡಿಸಿದರು. ಇವತ್ತಿಗೂ ಸಿಗುತ್ತೆ. ಮಂಡ್ಯದವಳ ತೀರ್ಪು: "ಸ್ವಲ್ಪ ಸಪ್ಪೆ, ಆದರೂ ಹೋರಾಟಗಾರರದ್ದು ಅಂತ ಪೂರ್ತಿ ತಿಂದೆ."

@ಕಟ್ಟಾಸಸ್ಯಾಹಾರಿ ನೀವು ಹೇಳಿದ್ದು ಚುಚ್ಚಿತು. ಸುಳ್ಳೇನಲ್ಲ. ಅವಳು ಆ "ಹೌದಾ" ಅಂದಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆಮೇಲೆ ಅವಳು ಆ ಮಾತೇ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಗಸಿಪ್ರಿಯೆ:

ಹಪ್ಪಳ, ನೀನು ಇಷ್ಟು ದಿನ ಅದನ್ನ ತಲೆಯಲ್ಲಿಟ್ಟುಕೊಂಡು ಒದ್ದಾಡ್ತಾ ಇದ್ದೀಯಾ? ನಂಗೆ ಗೊತ್ತೇ ಇರಲಿಲ್ಲ.

ಅವಳಿಗೆ ಅವತ್ತೇ ಗೊತ್ತಿತ್ತು ಮಾರಾಯ್ತಿ. ಮೂರು ವರ್ಷ ನನ್ನ ಮಂಚದ ಪಕ್ಕದ ಮಂಚದಲ್ಲಿ ಮಲಗಿದವಳು. ಮನೆಯಿಂದ ನಾನು ತರುತ್ತಿದ್ದ ಒಣಮೀನಿನ ಚಟ್ನಿ ಡಬ್ಬಿಯನ್ನ ಮುಚ್ಚಳ ತೆಗೆಯೋ ಮುಂಚೆಯೇ ಮೂಸಿ ಕಂಡುಹಿಡಿಯುತ್ತಿದ್ದವಳು. ಬಟ್ಟಲು ಮುಂದೆ ಬಂದ ಕೂಡಲೇ ನನ್ನ ಕಡೆ ನೋಡಿದಳು. ನಾನೂ ನೋಡಿದೆ. ಎಂತ ಹೇಳೋದು? ನೀನೂ ಮಂಡ್ಯದವಳೂ ಅಲ್ಲಿ ಆ ಅಜ್ಜನಿಗೆ ಈರುಳ್ಳಿ ಸೊಪ್ಪು ಬೇಡ ಅಂತ ಕೈಕಾಲು ಆಡಿಸ್ತಾ ಯುದ್ಧ ಗೆದ್ದವರ ಹಾಗೆ ನಿಂತಿದ್ದಿರಿ. ರಾತ್ರಿ ನನಗೊಬ್ಬಳಿಗೇ ಹೇಳಿದಳು, "ಅಕಿಗೆ ಹೇಳಬ್ಯಾಡ, ಮರುಗ್ತಾಳ" ಅಂತ. ರೈಲಲ್ಲಿ ನೀನು ಹೇಳಿದಾಗ ಅವಳು ಕಿಟಕಿ ಕಡೆ ತಿರುಗಿದ್ದು ಬೇಜಾರಿಗಲ್ಲ, ನಗು ತಡೆಯೋಕೆ. ನಾನು ಎದುರು ಕೂತಿದ್ದೆ, ಕಾಣ್ತಾ ಇತ್ತು.

ಹಲಸಿನಹಪ್ಪಳ:

ಈಗಷ್ಟೇ ಧಾರವಾಡಕ್ಕೆ ಫೋನ್ ಮಾಡಿದೆ. ಮೊದಲು ಐದು ನಿಮಿಷ ನಕ್ಕಳು. ಆಮೇಲೆ ಯಾಕೆ ಕುಡಿದೆ ಅಂತ ಕೇಳಿದೆ.

"ಭಾಳ ಥಂಡಿ ಇತ್ತವಾ. ಸಾರು ಬಿಸಿ ಇತ್ತು" ಅಂದಳು. ಆಮೇಲೆ ಕುಕ್ಕರ್ ಕೂಗಿತು, ಇಟ್ಟುಬಿಟ್ಟಳು.